ಮೂರು ಏಡಿ ಮತ್ತು ಒಂದು ಚಪ್ಪಲಿ

ಸರ್ರ್ ಎಂದು ಕಾಗದ ಸೀಳುವ ಸದ್ದು. ಹರಿಯುವ ಸದ್ದಲ್ಲ, ಹರಿಯುವುದರಲ್ಲಿ ಒಂದು ಒರಟುತನ ಇರುತ್ತದೆ. ಇದು ಮಡಿಕೆಯ ಉದ್ದಕ್ಕೂ ಒಂದೇ ಉಸಿರಿನಲ್ಲಿ ನಿಧಾನವಾಗಿ ಸಾಗಿ, ಪುಟದ ಅಂಚಿಗೆ ಬಂದಾಗ ಸಣ್ಣಗೆ ‘ಟಪ್’ ಎಂದು ನಿಲ್ಲುವ ಸದ್ದು. ಅರವತ್ತು ವರ್ಷದ ಮೇಲಾಯಿತು. ಈಗಲೂ ಮನೆಯಲ್ಲಿ ಯಾರಾದರೂ ಲಕೋಟೆ ಒಡೆದರೆ ನನ್ನ ಕುತ್ತಿಗೆ ತಾನಾಗಿ ಗೋಡೆಯ ಕಡೆ ತಿರುಗುತ್ತದೆ.

ಗೋಡೆಯ ಕಡೆ ಏಕೆಂದರೆ, ಆ ಪುಸ್ತಕವನ್ನು ನಾನು ನೋಡುವ ಹಾಗಿರಲಿಲ್ಲ.

ಅರವತ್ತರ ದಶಕದ ಆರಂಭದ ಮಾತು. ಸಿಸ್ಟರುಗಳು ನಡೆಸುತ್ತಿದ್ದ ಹುಡುಗಿಯರ ಕಾಲೇಜಿನಲ್ಲಿ ನಾನು ಬಿ.ಎ. ಓದುತ್ತಿದ್ದೆ. ಕಂಕನಾಡಿಯ ನಮ್ಮ ಮನೆಯಿಂದ ಕಾನ್ವೆಂಟ್ ಶಾಲೆಗೆ ಹೋದ ದಾರಿಯಲ್ಲೇ ಇನ್ನೊಂದು ಗೇಟಿನೊಳಗೆ ಹೋದರೆ ಕಾಲೇಜು, ಅಷ್ಟೇ ವ್ಯತ್ಯಾಸ. ಬಿ.ಎ.ಗೆ ಮೂರು ವಿಷಯಗಳನ್ನು ಸೇರಿಸಿ ಕೊಡುತ್ತಿದ್ದರು, ಕಾಂಬಿನೇಶನ್ ಎನ್ನುತ್ತಿದ್ದೆವು. ನನ್ನದು ಹಿಸ್ಟರಿ, ಎಕನಾಮಿಕ್ಸ್, ಫಿಲಾಸಫಿ.

“ಹಿಸ್ಟರಿ ಆಯ್ತು, ಎಕನಾಮಿಕ್ಸ್ ಆಯ್ತು. ಈ ಫಿಲಾಸಫಿ ಎಂತಕ್ಕೆ ಮಗಳೇ?” ಎಂದು ಅಮ್ಮ ಕೇಳಿದ್ದರು. “ನಿನ್ನ ಬಾಯಿಗೆ ಉತ್ತರ ಕೊಡ್ಲಿಕ್ಕೆ ಈಗಲೇ ಯಾರಿಂದಲೂ ಆಗುದಿಲ್ಲ. ಇನ್ನು ಸರ್ಟಿಫಿಕೇಟು ಬೇರೆ ಬೇಕಾ?”

ನಿಜ ಹೇಳುವುದಾದರೆ ನಾನು ಅದನ್ನು ಆರಿಸಿಕೊಂಡದ್ದು ಪ್ರಾಸ್ಪೆಕ್ಟಸ್‌ನ ಒಂದು ಸಾಲನ್ನು ನೋಡಿ. ಪಾಠಪಟ್ಟಿಯಲ್ಲಿ ‘ಜ್ಞಾನದ ಸಮಸ್ಯೆಗಳು’ ಎಂದಿತ್ತು. ಲೆಕ್ಕಕ್ಕೆ ಸಮಸ್ಯೆ ಇರುತ್ತದೆ, ನಲ್ಲಿ ನೀರಿಗೆ ಸಮಸ್ಯೆ ಇರುತ್ತದೆ. ಗೊತ್ತಿರುವುದಕ್ಕೆ ಎಂತ ಸಮಸ್ಯೆ? ಅದೊಂದನ್ನು ತಿಳಿದುಕೊಂಡು ಬರೋಣ ಎಂದು ಹೋದವಳು ನಾನು.

ಹಿಸ್ಟರಿ ಕ್ಲಾಸಿನಲ್ಲಿ ಅರವತ್ತು ಹುಡುಗಿಯರು, ಫಿಲಾಸಫಿಯಲ್ಲಿ ನಾಲ್ಕೇ ನಾಲ್ಕು. ಹಾಗಾಗಿ ನಮಗೆ ಸರಿಯಾದ ಕ್ಲಾಸ್‌ರೂಮ್ ಕೊಟ್ಟಿರಲಿಲ್ಲ. ಕಾರಿಡಾರಿನ ಕೊನೆಯಲ್ಲಿ, ಕ್ರಿಸ್ಮಸ್ ಗೋದಲಿಯ ಬೊಂಬೆಗಳನ್ನು ಇಡುವ ಕೋಣೆಯಲ್ಲಿ ನಮ್ಮ ಪಾಠ. ಗೋಡೆಯ ಉದ್ದಕ್ಕೂ ಪ್ಲಾಸ್ಟರಿನ ಕುರಿಗಳು, ಕುರುಬರು, ಒಂದು ಕಿವಿ ಮುರಿದ ಕತ್ತೆ. ಅವುಗಳ ಎದುರಿಗೆ ನಾವು ನಾಲ್ವರು, ಎರಡು ಬೆಂಚು, ಮತ್ತು ನಮ್ಮ ಸಿಸ್ಟರ್. ತೆಳ್ಳಗಿನ, ಎತ್ತರದ ಹೆಂಗಸು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದೆಂದರೆ ಅವರಿಗೆ ಬಹಳ ಇಷ್ಟ.

“ಈ ಟೇಬಲ್ ನೋಡಿ ಗರ್ಲ್ಸ್,” ಎಂದು ಮೊದಲ ವಾರವೇ ಕೇಳಿದರು. “ನಾವೆಲ್ಲ ಹೊರಗೆ ಹೋದ ಮೇಲೂ ಇದು ಇಲ್ಲಿ ಇರ್ತದಾ?”

“ಇರ್ತದೆ ಸಿಸ್ಟರ್.”

“ಹೌ ಡು ಯು ನೋ?”

ನನ್ನ ಪಕ್ಕದಲ್ಲಿ ಕೂತವಳು ತಟ್ಟನೆ ಹೇಳಿದಳು: “ಬೆಂಚಿನ ಮೇಲೆ ಒಬ್ಬಳನ್ನು ಕಾವಲಿಗೆ ಕೂರಿಸಿ ಹೋಗುವ ಸಿಸ್ಟರ್.”

“ಆಗ ನಾವೆಲ್ಲ ಹೊರಗೆ ಹೋದ ಹಾಗೆ ಆಯ್ತಾ?”

ಅವಳು ಯೋಚಿಸಿದಳು. “ಹಾಗಾದ್ರೆ ಈ ಕತ್ತೆಯನ್ನೇ ಕೇಳಬೇಕಷ್ಟೆ.”

ಸಿಸ್ಟರ್ ನಕ್ಕರು. ಆ ದಿನ ಸಂಜೆ ನಾನೂ ಅವಳೂ ಮೆಟ್ಟಿಲು ಇಳಿದವರು ಒಮ್ಮೆಲೇ ತಿರುಗಿ ಓಡಿ ಬಂದು ಬಾಗಿಲನ್ನು ದಢಾರನೆ ತೆರೆದೆವು. ಟೇಬಲ್ ಅಲ್ಲೇ ಇತ್ತು. “ನಮ್ಮ ಕಾಲಿನ ಶಬ್ದ ಕೇಳಿ ಬಂದು ನಿಂತದ್ದು ಇರಬೇಕು,” ಎಂದಳು ಅವಳು. ನಮ್ಮ ಗೆಳೆತನ ಹಾಗೆ ಶುರುವಾಯಿತು.

ಅವಳ ಮನೆ ಉರ್ವದಿಂದ ಆಚೆ, ಹೊಳೆಯ ದಡದ ಮೊಗವೀರರ ಮನೆಗಳ ಸಾಲಿನಲ್ಲಿ. ಅವಳಪ್ಪ ರಂಪಣಿಯವರು, ಎಂದರೆ ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಬಳಸಿ ಹಾಕಿದ ದೊಡ್ಡ ಬಲೆಯನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುವವರಲ್ಲಿ ಒಬ್ಬರು. ಆ ಸಾಲಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ ಇವಳು. ಕನ್ನಡ ಶಾಲೆಯಲ್ಲಿ ಕಲಿತವಳು, ಮನೆಯಲ್ಲಿ ತುಳು. ನನ್ನ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಇಂಗ್ಲಿಷ್. ನಮ್ಮಿಬ್ಬರ ನಡುವೆ ಕನ್ನಡ. ಬಿ.ಎ. ಪಾಸಾಗಿ ಬಂದರೆ ಹೊಳೆಯಾಚೆಯ ಶಾಲೆಯಲ್ಲಿ ಟೀಚರ್ ಕೆಲಸ ಕೊಡುತ್ತೇವೆ ಎಂದು ಅಲ್ಲಿಯವರು ಅವಳಪ್ಪನಿಗೆ ಮಾತು ಕೊಟ್ಟಿದ್ದರು. ಅವಳು ಆ ಮಾತನ್ನು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದಳು, ಊಟದ ಡಬ್ಬ ಮುಚ್ಚುವಾಗ, ಬಸ್ಸಿಗೆ ಕಾಯುವಾಗ.

ಕೊನೆಯ ವರ್ಷ ಒಂದು ತೊಡಕು ಬಂತು. ಯೂನಿವರ್ಸಿಟಿಯವರು ನಮಗೆ ಯುರೋಪಿನ ಹಳೆಯ ತತ್ತ್ವಜ್ಞಾನಿಯೊಬ್ಬನ ಪುಸ್ತಕವನ್ನು ಪಠ್ಯವಾಗಿ ಇಟ್ಟಿದ್ದರು. ಅದೇ ಪುಸ್ತಕ ರೋಮಿನಿಂದ ಬಂದ ಇನ್ನೊಂದು ಪಟ್ಟಿಯಲ್ಲೂ ಇತ್ತು: ಕ್ಯಾಥೊಲಿಕರು ಓದಬಾರದ ಪುಸ್ತಕಗಳ ಪಟ್ಟಿ. ಆ ಕಾಲದಲ್ಲಿ ಅಂಥದ್ದೊಂದು ಇತ್ತು, ಈಗಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ. ಓದಲೇಬೇಕಾದರೆ ಪಾದ್ರಿಗಳ ಮೂಲಕ ಬಿಷಪರಿಗೆ ಅರ್ಜಿ ಕೊಟ್ಟು ಪರ್ಮಿಶನ್ ಪಡೆಯಬೇಕು.

“ಕ್ಯಾಥೊಲಿಕ್ ಗರ್ಲ್ಸ್ ವಿಲ್ ಅಪ್ಲೈ,” ಎಂದರು ಸಿಸ್ಟರ್. “ಪರ್ಮಿಶನ್ ಬರುವವರೆಗೆ ನನ್ನ ನೋಟ್ಸ್ ಓದಿಕೊಳ್ಳಿ.”

ನಾಲ್ವರಲ್ಲಿ ನಾವು ಮೂವರು ಕ್ಯಾಥೊಲಿಕರು. ಉಳಿದ ಇಬ್ಬರು ನೋಟ್ಸ್ ಸಾಕೆಂದು ಸುಮ್ಮನಾದರು. ನಾನು ಅರ್ಜಿ ಬರೆದು ನಮ್ಮ ಇಗರ್ಜಿಯ ಪಾದ್ರಿಗಳ ಕೈಗೆ ಕೊಟ್ಟೆ. ಜೂನ್ ಹೋಯಿತು, ಜುಲೈ ಹೋಯಿತು. ಕೇಳಿದಾಗಲೆಲ್ಲ “ಬಿಷಪರ ಮೇಜಿನ ಮೇಲೆ ಉಂಟು ಮಗಳೇ,” ಎನ್ನುತ್ತಿದ್ದರು.

ನೋಟ್ಸ್‌ನಲ್ಲಿ ಆ ತತ್ತ್ವಜ್ಞಾನಿ ಎಂತ ತಪ್ಪು ಮಾಡಿದ ಎಂದು ಐದು ಪಾಯಿಂಟ್ ಇತ್ತು. ಆದರೆ ಅವನು ಎಂತ ಹೇಳಿದ್ದು? ಅಷ್ಟು ದೂರದ ರೋಮಿನವರು ಹೆದರುವಂಥದ್ದು, ಅದೇ ಹೊತ್ತಿಗೆ ಯೂನಿವರ್ಸಿಟಿಯವರು ನೂರು ಮಾರ್ಕ್ಸ್ ಇಡುವಂಥದ್ದು, ಅದರೊಳಗೆ ಎಂತ ಇರಬಹುದು? ಲೈಬ್ರರಿಯ ಬೀಗ ಹಾಕಿದ ಗಾಜಿನ ಕಪಾಟಿನಲ್ಲಿ ಅದರ ಬೆನ್ನು ಕಾಣುತ್ತಿತ್ತು, ಕಂದು ಬಣ್ಣದ್ದು. ನಾನು ದಿನಾಲೂ ಹೋಗಿ ಆ ಬೆನ್ನನ್ನು ನೋಡಿ ಬರುತ್ತಿದ್ದೆ.

ಗೆಳತಿಗೆ ಆ ಕಷ್ಟ ಇರಲಿಲ್ಲ. ಅವಳು ಸಹಿ ಹಾಕಿ ಪುಸ್ತಕವನ್ನು ತಂದು ಬೆಂಚಿನ ಮೇಲೆ ಇಟ್ಟಳು. ನೋಡಿದರೆ ಪುಟಗಳನ್ನೇ ಬಿಡಿಸಿಲ್ಲ. ಆಗಿನ ಕೆಲವು ಪುಸ್ತಕಗಳು ಹಾಗೆ ಬರುತ್ತಿದ್ದವು. ಹಾಳೆಗಳು ಮಡಿಕೆಯಲ್ಲೇ ಕೂಡಿಕೊಂಡಿರುತ್ತಿದ್ದವು, ಓದುವವರೇ ಸೀಳಿಕೊಳ್ಳಬೇಕು. ಕಾಲೇಜು ಶುರುವಾದಂದಿನಿಂದ ಅದನ್ನು ಒಬ್ಬರೂ ಓದಿರಲಿಲ್ಲ.

“ಇದು ಬಲೆಯ ಹಾಗೆ ಉಂಟಲ್ಲ, ಎಲ್ಲಾ ಕಡೆ ಕಟ್ಟಿದ್ದಾರೆ,” ಎಂದಳು. ಮರುದಿನ ಮನೆಯಿಂದ ಬಿದಿರಿನ ಚಪ್ಪಟೆ ಪಟ್ಟಿಯೊಂದನ್ನು ತಂದಳು. ಬಲೆ ಹೆಣೆಯುವಾಗ ಎಲ್ಲ ಕಣ್ಣುಗಳೂ ಒಂದೇ ಅಳತೆಗೆ ಬರಲು ಇಟ್ಟುಕೊಳ್ಳುವ ಪಟ್ಟಿ. ಅವಳಜ್ಜಿಯ ಕೈಯಲ್ಲಿ ತೇದು ನಯವಾಗಿತ್ತು. ಅದನ್ನು ಮಡಿಕೆಯೊಳಗೆ ತೂರಿಸಿ ಎಳೆದಳು. ಸರ್ರ್. ನಾನು ಗೋಡೆಯ ಕಡೆ ತಿರುಗಿ ಕಿವಿ ಮುರಿದ ಕತ್ತೆಯನ್ನು ನೋಡುತ್ತಾ ಕೂತೆ.

“ಓದಿದ್ರೆ ಪಾಪ. ಕೇಳಿದ್ರೆ?” ಎಂದು ಅವಳ ಪ್ರಶ್ನೆ.

“ಗೊತ್ತಿಲ್ಲ.”

“ರೋಮಿನ ಪಟ್ಟಿಯಲ್ಲಿ ಕಿವಿಯ ವಿಷಯ ಉಂಟಾ?”

“ಪುಸ್ತಕಗಳ ಹೆಸರು ಮಾತ್ರ ಅಂತೆ.”

“ಮತ್ತೆ ಎಂತ ಮಾರಾಯ್ತಿ? ಸಿಸ್ಟರೇ ಹೇಳಿಲ್ವಾ, ನಮ್ಮ ಶಾಸ್ತ್ರದಲ್ಲಿ ಕಣ್ಣಿಂದ ಕಂಡದ್ದೂ ಜ್ಞಾನ, ಊಹಿಸಿದ್ದೂ ಜ್ಞಾನ, ನಂಬಿಕಸ್ತರ ಬಾಯಿಂದ ಕೇಳಿದ್ದೂ ಜ್ಞಾನ ಅಂತ. ನಾನು ನಂಬಿಕಸ್ತೆ ಅಲ್ವಾ?”

ಭಾರತೀಯ ತತ್ತ್ವಶಾಸ್ತ್ರದ ಪೇಪರನ್ನು ರೋಮಿನ ಪಟ್ಟಿಯ ವಿರುದ್ಧ ತಿರುಗಿಸಿದ ಹುಡುಗಿ ಅವಳು. ನನಗೆ ಅಷ್ಟೇ ಸಾಕಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಓದು. ಅವಳು ಗಟ್ಟಿಯಾಗಿ ಓದುತ್ತಿರಲಿಲ್ಲ. “ನನ್ನ ಇಂಗ್ಲಿಷಿಗೆ ನೀವು ಕಾನ್ವೆಂಟಿನವರು ನಗಾಡ್ತೀರಿ,” ಎನ್ನುತ್ತಿದ್ದಳು. ಒಂದು ಪುಟವನ್ನು ಬೆರಳಿಟ್ಟು, ಡಿಕ್ಷನರಿ ತಿರುವಿ, ಒಳಗೊಳಗೇ ಓದುವಳು. ನಂತರ ಪುಸ್ತಕ ಮುಚ್ಚಿ, “ಅವ ಎಂತ ಹೇಳ್ತಾನೆ ಅಂದ್ರೆ” ಎಂದು ಶುರು ಮಾಡುವಳು. ಹಾಗಾಗಿ ಆ ಮಹಾಶಯನ ಒಂದು ವಾಕ್ಯವನ್ನೂ ನಾನು ಅವನ ಮಾತಿನಲ್ಲಿ ಕೇಳಿದವಳಲ್ಲ. ನನ್ನ ಮಟ್ಟಿಗೆ ಅವನು ತುಳು ಬೆರೆತ ಕನ್ನಡ ಮಾತಾಡುತ್ತಿದ್ದ, ನಡುನಡುವೆ “ಹೌದಾ ಅಲ್ವಾ?” ಎಂದು ನನ್ನನ್ನು ಕೇಳುತ್ತಿದ್ದ.

ಒಂದು ದಿನ ಹೇಳಿದಳು: “ಎರಡು ಸಂಗತಿ ಯಾವಾಗಲೂ ಒಟ್ಟಿಗೆ ಬರುದು ನೋಡಿದ್ರೆ, ಒಂದು ಬಂದ ಕೂಡ್ಲೇ ಇನ್ನೊಂದು ಬರ್ತದೆ ಅಂತ ನಮಗೆ ಅನಿಸ್ತದೆ. ಸಮುದ್ರದ ಮೇಲೆ ಹಕ್ಕಿಗಳು ಗುಂಪು ಕಟ್ಟಿದ್ರೆ ಕೆಳಗೆ ಬಂಗುಡೆ ಉಂಟು ಅಂತ ಲೆಕ್ಕ. ಹಕ್ಕಿ ಕಂಡ ಕೂಡ್ಲೇ ದೋಣಿ ಇಳಿಸ್ತಾರೆ. ಒಂದು ದಿನ ಹಕ್ಕಿಯೋ ಹಕ್ಕಿ. ಇಡೀ ಊರು ಸೇರಿ ಬಲೆ ಎಳೆದದ್ದು. ಬಂದದ್ದು ಎಂತ? ಮೂರು ಏಡಿ, ಒಂದು ಎಡಗಾಲಿನ ಚಪ್ಪಲಿ. ಈಗ ಹೇಳು, ಹಕ್ಕಿಗೂ ಮೀನಿಗೂ ಕಟ್ಟಿದ ಹಗ್ಗ ಸಮುದ್ರದಲ್ಲಿ ಇದ್ದದ್ದಾ, ನೋಡಿದವನ ತಲೆಯಲ್ಲಿ ಇದ್ದದ್ದಾ?”

ಇದಾ ರೋಮಿನವರು ಹೆದರಿದ್ದು? ಆ ದಿನ ಮನೆಗೆ ಹೋಗುವಾಗ ಕಂಡದ್ದೆಲ್ಲ ಬೇರೆಯಾಗಿತ್ತು. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು. ಸೀಟಿಯಿಂದಲೇ ಹೊರಟದ್ದಾ? ಅಮ್ಮ ಒಲೆ ಊದಿದರು, ಬೆಂಕಿ ಎದ್ದಿತು. ನಾನು ನೋಡುತ್ತಾ ನಿಂತೆ. “ಎಂತ ಹಾಗೆ ನೋಡುದು? ಒಲೆ ಕಂಡಿಲ್ವಾ?” ಎಂದರು ಅಮ್ಮ.

ಪ್ರಿಪರೇಟರಿ ಪರೀಕ್ಷೆ ಬಂತು. ಅದರಲ್ಲಿ ಸರಿ ಇದ್ದವರಿಗೆ ಮಾತ್ರ ಯೂನಿವರ್ಸಿಟಿ ಪರೀಕ್ಷೆಯ ಹಾಲ್ ಟಿಕೆಟ್. ಕಾರ್ಯಕಾರಣದ ಮೇಲೆಯೇ ಪ್ರಶ್ನೆ ಬಿತ್ತು. ನಾನು ಸಂತೋಷದಿಂದ ಮೂರು ಪುಟ ಬರೆದೆ, ನನ್ನ ಒಳ್ಳೆಯ ಕಾನ್ವೆಂಟ್ ಇಂಗ್ಲಿಷಿನಲ್ಲಿ.

ವಾರದ ನಂತರ, ಒಂದು ಗುರುವಾರ, ಗೆಳತಿ ಕಾರಿಡಾರಿನಲ್ಲಿ ನನ್ನ ತೋಳು ಹಿಡಿದು ಬೊಂಬೆಗಳ ಕೋಣೆಗೆ ಎಳೆದುಕೊಂಡು ಹೋದಳು.

“ನೀನು ಚಪ್ಪಲಿ ಸಮೇತ ಬರ್ದಿಯಾ?”

“ಹೌದು. ಯಾಕೆ?”

“ಎಡಗಾಲು ಅಂತಲೂ?”

“ಅವನು ಹಾಗೆ ಹೇಳಿದ್ದಲ್ವಾ?”

“ಅವ ಎಲ್ಲಿ ಹೇಳಿದ್ದು ಮಾರಾಯ್ತಿ? ಅದು ನನ್ನ ಅಪ್ಪನ ಕಥೆ. ಅವನ ಪುಟ ನಿಂಗೆ ಅರ್ಥ ಆಗ್ಲಿ ಅಂತ ನಾನು ಹಾಕಿದ್ದು.”

ಆಮೇಲೆ ವಿಷಯ ಹೇಳಿದಳು. ಇಬ್ಬರ ಪೇಪರಿನಲ್ಲೂ ಅದೇ ಹಕ್ಕಿ, ಅದೇ ಮೂರು ಏಡಿ, ಅದೇ ಚಪ್ಪಲಿ. ಪರೀಕ್ಷೆಯಲ್ಲಿ ನನ್ನ ಹಿಂದಿನ ಡೆಸ್ಕ್ ಅವಳದ್ದು. ಪ್ರಿನ್ಸಿಪಾಲ್ ಸಿಸ್ಟರ್ ಅವಳನ್ನು ಕರೆದು, ಎಲ್ಲಿಂದ ಬಂತು ಇದು ಎಂದು ಕೇಳಿದ್ದರು. “ನಾನು ಕಾಪಿ ಮಾಡ್ಲಿಲ್ಲ,” ಎಂದಷ್ಟೇ ಹೇಳಿ ನಿಂತಿದ್ದಳು. ಹೆಚ್ಚಿಗೆ ಹೇಳಿದರೆ ನಾನು ಪುಸ್ತಕ ಕೇಳಿದ ಸಂಗತಿ ಹೊರಬರುತ್ತದಲ್ಲ. ಸೋಮವಾರದೊಳಗೆ ನಿಜ ಹೇಳದಿದ್ದರೆ ಅವಳಿಗೆ ಹಾಲ್ ಟಿಕೆಟ್ ಇಲ್ಲ.

ನನ್ನನ್ನು ಯಾರೂ ಕರೆಯಲಿಲ್ಲ. ಒಳ್ಳೆಯ ಇಂಗ್ಲಿಷಿನ ಪೇಪರಿನಿಂದ ಕೆಟ್ಟ ಇಂಗ್ಲಿಷಿನ ಪೇಪರಿಗೆ ಕಥೆ ಹೋಗಿರಬೇಕು ಎಂದು ಎಲ್ಲರಿಗೂ ಸಹಜವಾಗಿ ಅನಿಸಿತ್ತು. ಹಕ್ಕಿ ಕಂಡರೆ ಮೀನು ಎಂದ ಹಾಗೆ. ಅವರನ್ನು ಹೇಳಿ ಪ್ರಯೋಜನವಿಲ್ಲ. ಗುರುವಾರ ನಾನೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಆ ವರ್ಷ ನಾನು ಸೊಡಾಲಿಟಿಯ ಲೀಡರ್. ಮಾತೆ ಮರಿಯಳ ಭಕ್ತ ಹುಡುಗಿಯರ ಸಂಘ ಅದು. ಎದೆಯ ಮೇಲೆ ಅಗಲವಾದ ನೀಲಿ ರಿಬ್ಬನ್, ಪ್ರೊಸೆಶನ್ನಿನಲ್ಲಿ ಮುಂದಿನ ಸಾಲು. ಕದ್ದು ಪುಸ್ತಕ ಕೇಳಿದವಳು ಎಂದರೆ ರಿಬ್ಬನ್ ಹೋಗುತ್ತದೆ. ಈಗ ನಗು ಬರುತ್ತದೆ. ಒಂದು ಗಜ ರಿಬ್ಬನ್ ಒಂದು ಕಡೆ, ಒಬ್ಬಳ ಬಿ.ಎ. ಇನ್ನೊಂದು ಕಡೆ. ನಾನು ಶುಕ್ರವಾರವಿಡೀ ತೂಗಿ ನೋಡಿದೆ.

ಶನಿವಾರ ಸಂಜೆ ಇಗರ್ಜಿಗೆ ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆ ನಮ್ಮ ಮುದಿ ಪಾದ್ರಿಗಳು. ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿ, ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆಯನ್ನು ಕೇಳಿಬಿಟ್ಟೆ: “ಫಾದರ್, ಬೇರೆಯವರು ಓದಿ ಹೇಳಿದ್ದನ್ನು ಕೇಳಿದರೆ ಅದು ಓದಿದ ಹಾಗೆಯಾ?”

ಅವರು ಜಾಲರಿಯ ಹತ್ತಿರಕ್ಕೆ ಬಾಗಿದರು.

“ಅದನ್ನು ನಾನು ಯಾರಿಗಾದರೂ ಬರೆದು ಕೇಳಬೇಕು, ನನಗೆ ಗೊತ್ತಿಲ್ಲ,” ಎಂದರು. “ಆ ಇನ್ನೊಂದು ಹುಡುಗಿ ಈಗ ಎಲ್ಲಿದ್ದಾಳೆ?”

“ಮನೆಯಲ್ಲಿ.”

“ನೀನು ಇಲ್ಲಿ ಬಂದು ಕೂತದ್ದು ಯಾಕೆ ಮತ್ತೆ?”

ಸೋಮವಾರ ಮೊದಲ ಗಂಟೆಗೆ ಮುಂಚೆ ನಮ್ಮ ಫಿಲಾಸಫಿ ಸಿಸ್ಟರ್ ಎದುರು ನಿಂತು, ಪುಸ್ತಕವನ್ನು ನಾನು ಒಮ್ಮೆಯೂ ತೆರೆದವಳಲ್ಲ, ಕಥೆ ಅವಳದ್ದು, ಕದ್ದವಳು ನಾನು ಎಂದೆ. ಅವರು ಡ್ರಾಯರಿನಿಂದ ಎರಡೂ ಪೇಪರ್ ತೆಗೆದರು. ಅವಳದ್ದರಲ್ಲಿ ಒಂದು ಸಾಲು ತೋರಿಸಿದರು: ‘ಒಬ್ಬ ಮೀನುಗಾರ ಇದ್ದಾನೆಂದು ಭಾವಿಸಿ.’ ನನ್ನದರಲ್ಲಿ: ‘ತತ್ತ್ವಜ್ಞಾನಿಯು ತನ್ನ ಗ್ರಂಥದಲ್ಲಿ ಹೇಳುವಂತೆ, ಬಲೆಯಲ್ಲಿ ಮೂರು ಏಡಿಗಳು ಮತ್ತು ಎಡಗಾಲಿನ ಒಂದು ಚಪ್ಪಲಿ ದೊರೆತವು.’

“ಈ ಪುಸ್ತಕ ನಾನು ಎಂ.ಎ. ಮಾಡುವಾಗ ಪರ್ಮಿಶನ್ ಪಡೆದು ಎರಡು ಸಲ ಓದಿದ್ದೇನೆ, ಚೈಲ್ಡ್,” ಎಂದರು. “ಅದರಲ್ಲಿ ಪಾದರಕ್ಷೆ ಇಲ್ಲ.”

“ಹಾಗಾದರೆ ನಿಮಗೆ ಮೊದಲೇ ಗೊತ್ತಿತ್ತಾ ಸಿಸ್ಟರ್?”

“ಐ ಹ್ಯಾಡ್ ಆ್ಯನ್ ಇನ್ಫರೆನ್ಸ್. ಊಹೆ ಮಾತ್ರ, ಸಾಕ್ಷಿ ಇರ್ಲಿಲ್ಲ. ಪ್ರಿನ್ಸಿಪಾಲರಿಗೆ ಸಾಕ್ಷಿ ಬೇಕು. ನೀನು ಬರ್ತೀಯಾ ಅಂತ ಕಾಯ್ತಾ ಇದ್ದೆ.”

ಅವರು ಕಾಯುವವರು ಎಂದು ಮೊದಲೇ ಹೇಳಿದ್ದೇನಲ್ಲ. ಆದರೆ ಸಿಸ್ಟರೂ ನಾನೂ ಹೀಗೆ ಯೋಚಿಸುತ್ತಾ ಕೂತಿದ್ದ ಮೂರು ನಾಲ್ಕು ದಿನ ಒಬ್ಬಳು ಉರ್ವದಾಚೆಯ ಮನೆಯಲ್ಲಿ ಅಪ್ಪನ ಮುಖ ನೋಡಲಾರದೆ ಇದ್ದಳು. ಅವರು ಮಾಡಿದ್ದು ಸರಿಯಾ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಮಾಡಿದ್ದು ಸರಿಯಲ್ಲ ಎಂಬುದು ಗೊತ್ತು.

ಆ ಮಧ್ಯಾಹ್ನವೇ ಅವಳಿಗೆ ಹಾಲ್ ಟಿಕೆಟ್ ಸಿಕ್ಕಿತು. ನನಗೂ ಸಿಕ್ಕಿತು, ಆದರೆ ಆ ಉತ್ತರಕ್ಕೆ ಸೊನ್ನೆ, ರಿಬ್ಬನ್ನನ್ನೂ ವಾಪಸ್ ತೆಗೆದುಕೊಂಡರು. “ಪ್ರಿನ್ಸಿಪಾಲ್ ಎಂತ ಹೇಳಿದ್ರು?” ಎಂದು ಅವಳನ್ನು ಕೇಳಿದೆ.

“ಎಂತ ಹೇಳ್ಲಿಲ್ಲ. ಕಾಫಿ ಕೊಟ್ರು, ಕಪ್-ಸಾಸರಿನಲ್ಲಿ.” ಹಾಲ್ ಟಿಕೆಟನ್ನು ಮಡಚಿ ಪುಸ್ತಕದೊಳಗೆ ಇಡುತ್ತಾ ಹೇಳಿದಳು: “ನೀನು ಶುಕ್ರವಾರ ಬರಬಹುದಿತ್ತು.”

ಆಮೇಲೆ ಅವಳು ಬೆಂಚಿನಲ್ಲಿ ಪಕ್ಕದಲ್ಲೇ ಕೂತಳು, ನನ್ನ ಡಬ್ಬದಿಂದ ತಿಂದಳು, ಎಲ್ಲಾ ಮೊದಲಿನ ಹಾಗೆ. ಆದರೆ ಬಿದಿರಿನ ಪಟ್ಟಿಯನ್ನು ಮತ್ತೆ ತರಲಿಲ್ಲ. “ಪೋರ್ಶನ್ ಮುಗೀತಲ್ಲ,” ಎಂದಳು. ಪುಸ್ತಕ ಕಪಾಟಿಗೆ ಹೋಯಿತು. ಇಬ್ಬರೂ ಪಾಸಾದೆವು, ಅವಳಿಗೆ ನನಗಿಂತ ಒಳ್ಳೆಯ ಕ್ಲಾಸ್. ಅವಳು ಹೊಳೆಯಾಚೆಯ ಶಾಲೆಗೆ ಟೀಚರಾಗಿ ಹೋದಳು. ಬಿಷಪರ ಪರ್ಮಿಶನ್ ರಿಸಲ್ಟ್ ಬಂದ ಮೇಲೆ ಬಂತು: ‘ವಿದ್ಯಾಭ್ಯಾಸದ ಅವಧಿಗೆ ಮಾತ್ರ.’ ಅವಧಿ ಮುಗಿದಿತ್ತು.

ಕೆಲವು ವರ್ಷಗಳ ನಂತರ ರೋಮಿನವರು ಆ ಪಟ್ಟಿಯನ್ನೇ ತೆಗೆದುಹಾಕಿದರು. ನಾನು ಆಗ ಮದುವೆ ನಿಶ್ಚಯವಾಗಿ ಬೊಂಬಾಯಿಗೆ ಹೊರಡುವವಳಿದ್ದೆ. ಕಾಲೇಜಿಗೆ ಹೋಗಿ ಸಿಸ್ಟರನ್ನು ಕೇಳಿ ಅದೇ ಪುಸ್ತಕವನ್ನು ಪಡೆದು, ಅದೇ ಬೆಂಚಿನಲ್ಲಿ ಕೂತು, ಮೊದಲ ಸಲ ಕಣ್ಣಿಟ್ಟು ನೋಡಿದೆ. ಅವಳು ಬಿಡಿಸಿದ ಪುಟಗಳ ಅಂಚು ನೇರವಾಗಿ, ಅಚ್ಚುಕಟ್ಟಾಗಿ ಇತ್ತು. ಕಾರ್ಯಕಾರಣದ ಭಾಗ ಎರಡು ಪುಟ. ಹಕ್ಕಿ ಇಲ್ಲ, ಏಡಿ ಇಲ್ಲ. ಗೊತ್ತಿದ್ದೂ ಹುಡುಕಿದೆ. ಪೋರ್ಶನ್ ಮುಗಿದ ಪುಟದಿಂದ ಆಚೆ ಎಲ್ಲ ಇನ್ನೂ ಮಡಿಕೆಯಲ್ಲೇ ಇತ್ತು. ನಾನು ಅವುಗಳನ್ನು ಮುಟ್ಟಲಿಲ್ಲ.

ಅದೇ ವಾರ ಅವಳನ್ನು ಹುಡುಕಿಕೊಂಡು ಬಂದರಿಗೆ ಹೋದೆ. ಬೆಳಿಗ್ಗೆ ಟೀಚರುಗಳೆಲ್ಲ ಆಚೆ ದಡಕ್ಕೆ ದೋಣಿ ಹತ್ತುವ ಹೊತ್ತು. ಹೊಳೆಯಲ್ಲಿ ಇಳಿತ ಇತ್ತು, ಮೊಣಕಾಲಿನವರೆಗೆ ನೀರಿಗೆ ಇಳಿದೇ ದೋಣಿ ಹತ್ತಬೇಕು. ಅವಳು ಸೀರೆಯನ್ನು ಎತ್ತಿ ಸಿಕ್ಕಿಸಿ, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಆಗಲೇ ಅರ್ಧ ದಾರಿಯಲ್ಲಿದ್ದಳು. ಕೂಗಿದೆ. ತಿರುಗಿದಳು.

“ಓದಿದೆ,” ಎಂದೆ.

“ಈಗ ಪಾಪ ಇಲ್ವಾ?”

“ಇಲ್ಲ. ಪಟ್ಟಿಯೇ ತೆಗೆದ್ರು.”

“ಹೇಗುಂಟು?”

“ನೀನು ಹೇಳಿದಷ್ಟು ಚಂದ ಇಲ್ಲ.”

ಅವಳು ನೀರಿನಲ್ಲೇ ನಿಂತು ನಕ್ಕಳು. ನಾನು ಅಷ್ಟು ವರ್ಷ ಬಾಯಿಗೆ ಬಾರದ್ದನ್ನು ಆಗ ಹೇಳಿದೆ: “ನಾನು ಶುಕ್ರವಾರವೇ ಬರಬೇಕಿತ್ತು.”

ದೋಣಿಯವ ಅವಸರ ಮಾಡುತ್ತಿದ್ದ. ಅವಳು ಹತ್ತಿ, ಉಳಿದ ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತಳು. ಎಂತದ್ದೋ ಹೇಳಿದಳು, ಗಾಳಿಗೆ ಕೇಳಿಸಲಿಲ್ಲ. ನಾನು ಕಿವಿಯ ಹತ್ತಿರ ಕೈ ಇಟ್ಟು ತೋರಿಸಿದೆ. ಅವಳು ಮತ್ತೆ ಹೇಳಲಿಲ್ಲ. ಕೈಯಲ್ಲಿದ್ದ ಜೋಡಿಯಿಂದ ಒಂದು ಚಪ್ಪಲಿಯನ್ನು ಆರಿಸಿ, ಯಾವ ಕಾಲಿನದ್ದೆಂದು ಒಮ್ಮೆ ನೋಡಿಕೊಂಡು, ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದಳು. ದೋಣಿ ನಡುಹೊಳೆ ದಾಟುವವರೆಗೂ ಇಳಿಸಲಿಲ್ಲ. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ.